ಮನೆ ಮುಂದೆ ನಿಂತ ಕ್ಯಾಂಪರ್‌ಗೆ ಕರೆಂಟು: ಮೊದಲು ಅರ್ಥಿಂಗ್, ಆಮೇಲೆ ಆಂಪ್

ಕ್ಯಾಂಪರ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿ, ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಗಾಡಿ ಮನೆಯಲ್ಲೇ ನಿಂತಿರುವಾಗ ಮನೆಯ ಪ್ಲಗ್ಗಿನಿಂದಲೇ ಅದಕ್ಕೆ ಕರೆಂಟು ಕೊಡಬಹುದಾ? ಕೊಡಬಹುದು. ಅದರ ಬೆನ್ನಿಗೇ ಎರಡನೇ ಪ್ರಶ್ನೆ: ಆಂಪ್ ಸಾಕಾಗುತ್ತಾ, ಎಸಿ ಓಡುತ್ತಾ? ಇಲ್ಲೇ ನನಗೆ ಕಸಿವಿಸಿಯಾಗುವುದು. ಆಂಪ್ ಸಾಲದಿದ್ದರೆ ಸಾಮಾನ್ಯವಾಗಿ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಬೀಳುತ್ತದೆ. ಎಸಿ ಆಫ್ ಮಾಡಿ ಮತ್ತೆ ಮೇಲೆತ್ತಿದರೆ ಆಯಿತು. ಅರ್ಥಿಂಗ್, ಅಂದರೆ ಸೋರಿದ ಕರೆಂಟಿಗೆ ಸುರಕ್ಷಿತ ದಾರಿ ಕೊಡುವ ಭೂಮಿಯ ನಂಟು, ಇಲ್ಲದಿದ್ದರೆ ಏನೂ ಬೀಳುವುದಿಲ್ಲ. ಲೈಟು ಉರಿಯುತ್ತದೆ, ಫ್ರಿಜ್ಜು ತಣ್ಣಗಾಗುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತದೆ. ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತದೆ. ಮಳೆ ಬಂದ ದಿನ ಯಾರಾದರೂ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿಕೆ ಹಿಡಿಯುವ ತನಕ.

ಮನೆಯ ಒಳಗೆ ಮತ್ತು ಕ್ಯಾಂಪರ್‌ನಲ್ಲಿ ಓಡುವುದು ಅದೇ ಕರೆಂಟು. ಆದರೂ ಎರಡೂ ಒಂದೇ ಅಲ್ಲ. ಕ್ಯಾಂಪರ್ ಅಂದರೆ ಲೋಹದ ಚಾಸಿ (ಅಡಿಯ ಚೌಕಟ್ಟು), ಹಲವು ಗಾಡಿಗಳಲ್ಲಿ ಲೋಹದ್ದೇ ಮೈ, ಕೆಳಗೆ ರಬ್ಬರ್ ಟೈರು. ನೆಲಕ್ಕೂ ಅದಕ್ಕೂ ನಂಬಬಹುದಾದ ನಂಟು ಒಂದೇ. ನೀವು ಮನೆಯಿಂದ ಎಳೆದು ತಂದ ಕೇಬಲ್ಲಿನೊಳಗಿನ ಹಸಿರು ವೈರು. ಜಾಕ್, ಅಂದರೆ ಗಾಡಿ ಅಲುಗದಂತೆ ಕೆಳಗೆ ಊರುವ ಲೋಹದ ಕಾಲು, ಇಳಿಸಿದ್ದೇನಲ್ಲ ಅಂತ ಕೆಲವರು ಹೇಳುತ್ತಾರೆ. ಜಾಕ್ ನಿಂತಿರುವುದು ಕಾಂಕ್ರೀಟಿನ ಮೇಲೋ ಮರದ ಹಲಗೆಯ ಮೇಲೋ ಇರುತ್ತದೆ, ಅದನ್ನು ಅರ್ಥಿಂಗ್ ಅಂತ ನಂಬಲಾಗದು. ಕೇಬಲ್ಲಿನೊಳಗೆ ಆ ಹಸಿರು ವೈರು ತುಂಡಾಗಿದ್ದರೆ, ಪ್ಲಗ್ಗಿನ ಮೂರನೇ ಪಿನ್ನು ಸಡಿಲವಾಗಿದ್ದರೆ, ಅಥವಾ ಗೋಡೆಯ ಸಾಕೆಟ್ಟಿನ ಹಿಂದೆ ಅರ್ಥ್ ವೈರನ್ನೇ ಎಳೆದಿರದಿದ್ದರೆ, ಇಡೀ ಗಾಡಿಗೆ ಭೂಮಿಯ ನಂಟೇ ತಪ್ಪಿಹೋಗುತ್ತದೆ.

ಆಗ ಏನಾಗುತ್ತದೆ? ಗಾಡಿಯೊಳಗೆ ಎಲ್ಲೋ ಒಂದು ಕಡೆ ಕರೆಂಟು ಹೊತ್ತು ತರುವ ಫೇಸ್ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ಚಾಸಿಗೆ ತಾಗುತ್ತದೆ ಅಂದುಕೊಳ್ಳಿ. ಓಡುವ ಗಾಡಿ, ಅಲುಗಾಟ ಇದ್ದದ್ದೇ. ಅರ್ಥಿಂಗ್ ಸರಿ ಇದ್ದರೆ ಆ ಕರೆಂಟು ಹಸಿರು ವೈರಿನಲ್ಲಿ ಹರಿದು ಎಂಸಿಬಿಯನ್ನೋ, ಕರೆಂಟು ಸೋರಿದರೆ ಕಡಿಯುವ ಇಎಲ್‌ಸಿಬಿಯನ್ನೋ ಬೀಳಿಸುತ್ತದೆ. ಇಲ್ಲದಿದ್ದರೆ ಗಾಡಿಯ ಮೈಯೆಲ್ಲ ಫೇಸ್ ಆಗಿ ಸುಮ್ಮನೆ ನಿಂತಿರುತ್ತದೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಅವರ ಸುತ್ತ ಇರುವುದೆಲ್ಲ ಒಂದೇ ವೋಲ್ಟೇಜಿನಲ್ಲಿದೆ. ಅಪಾಯ ಇರುವುದು ಹತ್ತುವ ಮತ್ತು ಇಳಿಯುವ ಆ ಒಂದು ಹೆಜ್ಜೆಯಲ್ಲಿ. ಒಂದು ಕಾಲು ನೆಲದ ಮೇಲೆ, ಒಂದು ಕೈ ಹಿಡಿಕೆಯ ಮೇಲೆ. ಮಕ್ಕಳು ಹೀಗೆ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಾರೆ ಅಲ್ವಾ?

ವೈರು ಸವೆಯದಿದ್ದರೂ ಅರ್ಥಿಂಗ್ ಇಲ್ಲದ ಗಾಡಿ ಒಂದು ಸುಳಿವು ಕೊಡುತ್ತದೆ. ಚಾರ್ಜರ್, ಟಿವಿ, ಇನ್ವರ್ಟರ್ ಇವುಗಳೊಳಗೆ ಕರೆಂಟಿನ ಗದ್ದಲ ಸೋಸಲು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅವು ಫೇಸಿನಿಂದ ಅರ್ಥಿಗೆ, ಕರೆಂಟು ವಾಪಸ್ ಹೋಗುವ ನ್ಯೂಟ್ರಲಿನಿಂದ ಅರ್ಥಿಗೆ ಸೇರಿಕೊಂಡಿರುತ್ತವೆ. ಅರ್ಥ್ ವೈರು ತುಂಡಾಗಿದ್ದರೆ ಗಾಡಿಯ ಮೈ ಈ ಎರಡರ ನಡುವೆ ಸಿಕ್ಕಿ, ಮೇನ್ಸ್ (ಮನೆಗೆ ಬರುವ ಕರೆಂಟು) ವೋಲ್ಟೇಜಿನ ಸುಮಾರು ಅರ್ಧಕ್ಕೆ ಏರುತ್ತದೆ. 230 ವೋಲ್ಟ್ ಇರುವ ಕಡೆ ಅದು 115ರ ಹತ್ತಿರ. ಹರಿಯುವ ಕರೆಂಟು ತೀರಾ ಕಡಿಮೆ, ಆದ್ದರಿಂದ ಕೈಗೆ ಜುಮ್ ಅನ್ನುತ್ತದೆ, ಅಷ್ಟೇ. ಬೆರಳಿನ ಹಿಂಬದಿಯನ್ನು ಗಾಡಿಯ ಮೈಮೇಲೆ ಮೆಲ್ಲಗೆ ಸವರಿದರೆ ಲೋಹ ಸ್ವಲ್ಪ ಒರಟಾಗಿರುವ ಹಾಗೆ, ನಡುಗುವ ಹಾಗೆ ಅನ್ನಿಸುತ್ತದೆ. "ಸ್ವಲ್ಪ ಜುಮ್ ಅನ್ನುತ್ತೆ, ಏನೂ ಆಗಲ್ಲ" ಅಂತ ಹೇಳುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಬಿಡಬೇಡಿ. ಆ ಜುಮ್ ನಿಮ್ಮನ್ನು ಕೊಲ್ಲದಿರಬಹುದು. ಆದರೆ ಅರ್ಥಿಂಗ್ ಇಲ್ಲ ಅನ್ನುವುದನ್ನು ಅದು ಆಗಲೇ ಹೇಳಿಬಿಟ್ಟಿದೆ. ನಾಳೆ ನಿಜವಾದ ಲೀಕು ಶುರುವಾದರೆ, ಯಾರಾದರೂ ಮುಟ್ಟುವ ಮೊದಲೇ ಕರೆಂಟು ಕಡಿಯಲು ಏನೂ ಇರುವುದಿಲ್ಲ.

ಎಂಸಿಬಿ ಇದೆಯಲ್ಲ ಅಂತ ಧೈರ್ಯವಾಗಿರುವವರಿಗೆ ಒಂದು ಲೆಕ್ಕ. ಮನುಷ್ಯನ ಮೈಯಲ್ಲಿ 10 ಮಿಲಿಆಂಪ್ ಆಸುಪಾಸು ಹರಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದೇ ಕಷ್ಟ. ಅದು 50 ದಾಟಿ ಒಂದೆರಡು ಸೆಕೆಂಡು ನಿಂತರೆ ಹೃದಯದ ಬಡಿತ ತಾಳ ತಪ್ಪಬಹುದು. 16 ಆಂಪಿನ ಎಂಸಿಬಿ ಅಂದರೆ 16,000 ಮಿಲಿಆಂಪ್ ಆರಾಮಾಗಿ ಹರಿಯಲು ಬಿಡುವ ಸಾಧನ. ಅದು ಇರುವುದು ವೈರು ಸುಡದಿರಲಿ ಅಂತ. ಮನುಷ್ಯ ಸಾಯದಿರಲಿ ಅಂತ ಇರುವುದು ಇಎಲ್‌ಸಿಬಿ, ಈಗ ಬೋರ್ಡಿನ ಮೇಲೆ ಆರ್‌ಸಿಸಿಬಿ ಅಂತ ಬರೆದಿರುತ್ತದೆ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪ್ ಮುಟ್ಟುವಷ್ಟರಲ್ಲಿ ಕಣ್ಣು ಮಿಟುಕಿಸುವ ಹೊತ್ತಿನೊಳಗೆ ಕಡಿದು ಹಾಕುತ್ತದೆ. ಅಮೆರಿಕದಲ್ಲಿ ಹೊರಾಂಗಣದ ಸಾಕೆಟ್ಟಿಗೆ ಹಾಕುವ ಜಿಎಫ್‌ಸಿಐ ಅನ್ನುವ ಇಂಥದೇ ಸಾಧನ ಇನ್ನೂ ಸೂಕ್ಷ್ಮ, ಅದು ಸುಮಾರು 5 ಮಿಲಿಆಂಪಿಗೇ ಬೀಳುತ್ತದೆ. ಕ್ಯಾಂಪರ್‌ನ ಸಾಕೆಟ್ಟಿಗೆ ಕರೆಂಟು ಇಂಥದೊಂದರ ಮೂಲಕವೇ ಬರಬೇಕು. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ ನೋಡುವುದಕ್ಕೆ ಎರಡು ಸೆಕೆಂಡು ಸಾಕು.

ಅರ್ಥಿಂಗ್ ಇದೆಯಾ ಅಂತ ನೋಡುವುದು ಹೇಗೆ? ಮೂರು ಪುಟ್ಟ ದೀಪಗಳಿರುವ ಸಾಕೆಟ್ ಟೆಸ್ಟರ್ ಸಿಗುತ್ತದೆ. ಸಿಕ್ಕಿಸಿದರೆ ಅರ್ಥ್ ವೈರು ಇಲ್ಲದಿರುವುದು, ಫೇಸು ನ್ಯೂಟ್ರಲ್ ಅದಲು ಬದಲಾಗಿರುವುದು ಗೊತ್ತಾಗುತ್ತದೆ. ಅದನ್ನು ಗೋಡೆಯ ಸಾಕೆಟ್ಟಿಗೆ ಮಾತ್ರ ಹಾಕಿ ಸುಮ್ಮನಾಗಬಾರದು. ಎಕ್ಸ್‌ಟೆನ್ಷನ್ ಎಳೆದು ಅದರ ತುದಿಗೂ ಹಾಕಿ ನೋಡಬೇಕು, ಯಾಕೆಂದರೆ ಕಡಿದಿರುವುದು ಬಹಳ ಸಲ ಕೇಬಲ್ಲಿನಲ್ಲೇ. ಆ ಟೆಸ್ಟರಿಗೂ ಒಂದು ಮಿತಿ ಇದೆ. ಅರ್ಥ್ ಇದೆ ಅಂತ ಅದು ಹೇಳಬಲ್ಲದು, ಎಷ್ಟು ಗಟ್ಟಿಯಾಗಿದೆ ಅಂತ ಹೇಳಲಾರದು. ನ್ಯೂಟ್ರಲ್ಲೂ ಅರ್ಥೂ ಅದಲು ಬದಲಾಗಿದ್ದರೆ ಅದಕ್ಕೆ ಕಾಣುವುದೇ ಇಲ್ಲ. ಅರ್ಥಿಂಗಿನ ಗಟ್ಟಿತನ ಅಳೆಯುವುದು ಎಲೆಕ್ಟ್ರಿಷಿಯನ್ ಕೆಲಸ, ಅವರ ಹತ್ತಿರ ಅದಕ್ಕೆಂದೇ ಮೀಟರ್ ಇರುತ್ತದೆ. ಇದರ ಜೊತೆಗೆ, ಮುಟ್ಟದೆಯೇ ಕರೆಂಟು ಹಿಡಿಯುವ ಪೆನ್ನಿನಂಥ ಟೆಸ್ಟರ್ ಒಂದು ಗಾಡಿಯಲ್ಲೇ ಇರಲಿ. ಪ್ಲಗ್ ಹಾಕಿದ ಮೇಲೆ, ಗಾಡಿ ಮುಟ್ಟುವ ಮೊದಲು, ಅದನ್ನು ಬಾಗಿಲ ಹತ್ತಿರ ಹಿಡಿಯುವುದು ನನಗೆ ಈಗ ಅಭ್ಯಾಸವಾಗಿಬಿಟ್ಟಿದೆ. ಕೀ ಅಂತ ಕೂಗಿದರೆ ಮನೆಯ ಕಡೆ ಸ್ವಿಚ್ ಆಫ್ ಮಾಡುವ ತನಕ ಗಾಡಿಯ ಹತ್ತಿರ ಯಾರನ್ನೂ ಬಿಡಬಾರದು.

ಮನೆಯ ಅರ್ಥಿಂಗ್ ಚೆನ್ನಾಗಿದ್ದರೂ ಅದು ಕ್ಯಾಂಪರ್‌ಗೆ ಆಗಿಬರದ ಸಂದರ್ಭವೂ ಒಂದಿದೆ. ಇದನ್ನು ಮೊದಲು ಓದಿದಾಗ ನಾನು ಬೆರಗಾಗಿದ್ದೆ. ಕೆಲವು ದೇಶಗಳಲ್ಲಿ, ಮುಖ್ಯವಾಗಿ ಬ್ರಿಟನ್ನಿನಲ್ಲಿ, ಬೀದಿಯಿಂದ ಮನೆಗೆ ಬರುವ ನ್ಯೂಟ್ರಲ್ಲೂ ಅರ್ಥೂ ಒಂದೇ ವೈರಿನಲ್ಲಿ ಬರುತ್ತವೆ, ಮೀಟರಿನ ಹತ್ತಿರ ಬೇರೆಯಾಗುತ್ತವೆ. ಬೀದಿಯಲ್ಲಿ ಆ ವೈರು ತುಂಡಾದರೆ ಮನೆಯ ಅರ್ಥಿಗೇ ವೋಲ್ಟೇಜು ಏರುತ್ತದೆ. ಮನೆಯೊಳಗೆ ನಲ್ಲಿ, ಪೈಪು ಎಲ್ಲವನ್ನೂ ಅದೇ ಅರ್ಥಿಗೆ ಕಟ್ಟಿರುವುದರಿಂದ ಎಲ್ಲವೂ ಒಟ್ಟಿಗೆ ಏರುತ್ತವೆ, ಶಾಕ್ ಹೊಡೆಯುವ ಸಂಭವ ಕಡಿಮೆ. ಆದರೆ ಹೊರಗೆ ಮಣ್ಣಿನ ಮೇಲೆ ನಿಂತು ಕ್ಯಾಂಪರ್ ಮುಟ್ಟಿದವರ ಕಾಲ ಕೆಳಗೆ ನಿಜವಾದ ಭೂಮಿ ಇದೆ. ಅವರಿಗೆ ಪೂರ್ತಿ ಏಟು. ಇಎಲ್‌ಸಿಬಿ ಕೂಡ ಕಾಪಾಡದು, ಯಾಕೆಂದರೆ ಅದು ಅರ್ಥ್ ವೈರನ್ನು ಕಡಿಯುವುದೇ ಇಲ್ಲ. ಅದಕ್ಕೇ ಅಲ್ಲಿಯ 2002ರ ವಿದ್ಯುತ್ ಸುರಕ್ಷತಾ ನಿಯಮಗಳು ಈ ಬಗೆಯ ಅರ್ಥ್ ವೈರನ್ನು ಕ್ಯಾರವಾನಿನ (ಕಾರಿನ ಹಿಂದೆ ಎಳೆದೊಯ್ಯುವ ಕ್ಯಾಂಪರ್) ಲೋಹದ ಭಾಗಕ್ಕೆ ಸೇರಿಸಬಾರದು ಅನ್ನುತ್ತವೆ. ಅಲ್ಲಿ ಕ್ಯಾಂಪರ್ ಸಾಕೆಟ್ಟಿಗೆ ನೆಲದಲ್ಲಿ ಬೇರೆಯೇ ಒಂದು ಅರ್ಥ್ ಕಂಬಿ ಹೂತು, ಇಎಲ್‌ಸಿಬಿ ಹಾಕಿ ಕೊಡುತ್ತಾರೆ. ನಿಮ್ಮ ಮನೆಗೆ ಯಾವ ಬಗೆಯ ಅರ್ಥಿಂಗ್ ಬಂದಿದೆ ಅಂತ ಒಮ್ಮೆ ಕೇಳಿ ತಿಳಿದುಕೊಳ್ಳಿ. ಗಾಡಿ ಮನೆಯಿಂದ ದೂರ, ಮಣ್ಣಿನ ಮೇಲೆ ನಿಲ್ಲುವುದಾದರೆ ಈ ಪ್ರಶ್ನೆಗೆ ತೂಕ ಜಾಸ್ತಿ.

ಫೇಸು ನ್ಯೂಟ್ರಲ್ ಅದಲು ಬದಲಾಗುವ ವಿಷಯ ಬೇಗ ಮುಗಿಸುತ್ತೇನೆ. ಯುರೋಪಿನ ಬಹುಭಾಗದಲ್ಲಿ ಪ್ಲಗ್ಗನ್ನು ಹೇಗೆ ತಿರುಗಿಸಿ ಹಾಕಿದರೂ ಹೋಗುತ್ತದೆ. ತಿರುವಿ ಹಾಕಿದರೆ ಫೇಸು ಇರಬೇಕಾದ ಕಡೆ ನ್ಯೂಟ್ರಲ್. ಎಲ್ಲ ಕೆಲಸ ಮಾಡುತ್ತದೆ, ಆದರೆ ಗಾಡಿಯೊಳಗಿನ ಸ್ವಿಚ್ಚು ಒಂದೇ ವೈರನ್ನು ಕಡಿಯುವಂಥದಾಗಿದ್ದರೆ, ಆಫ್ ಮಾಡಿದ ಮೇಲೂ ಬಲ್ಬಿನ ಹೋಲ್ಡರಿನಲ್ಲಿ ಫೇಸ್ ಉಳಿದಿರುತ್ತದೆ. ಗಾಡಿಯಲ್ಲಿ ಎರಡೂ ವೈರು ಕಡಿಯುವ ಡಬಲ್ ಪೋಲ್ ಎಂಸಿಬಿ ಇದ್ದರೆ ಈ ಚಿಂತೆ ಬಹುಪಾಲು ತೀರುತ್ತದೆ.

ಇಷ್ಟಾದ ಮೇಲೆ ಆಂಪ್. 230 ವೋಲ್ಟಿನ ಕಡೆ ಕ್ಯಾಂಪರ್‌ಗಳಿಗೆ ಸಾಮಾನ್ಯವಾಗಿ ಇರುವುದು ನೀಲಿ ಬಣ್ಣದ 16 ಆಂಪ್ ಪ್ಲಗ್. ಗುಣಿಸಿದರೆ 3,680 ವ್ಯಾಟ್. ಅಮೆರಿಕದಲ್ಲಿ 120 ವೋಲ್ಟು, 30 ಆಂಪಿನ ಗಾಡಿಗೆ 3,600 ವ್ಯಾಟ್. ದೊಡ್ಡ ಗಾಡಿಗಳ 50 ಆಂಪ್ ಪ್ಲಗ್ಗಿನಲ್ಲಿ ಎರಡು ಫೇಸ್ ವೈರುಗಳಿದ್ದು ಒಟ್ಟು 12,000 ವ್ಯಾಟ್ ತನಕ ಸಿಗುತ್ತದೆ. ಅದೇ ಗಾಡಿಯನ್ನು ಅಡಾಪ್ಟರ್ ಹಾಕಿ ಮನೆಯ ಮಾಮೂಲಿ 15 ಆಂಪ್ ಸಾಕೆಟ್ಟಿಗೆ ಸಿಕ್ಕಿಸಿದರೆ ಸಿಗುವುದು 1,800 ವ್ಯಾಟ್ ಮಾತ್ರ. ಗಂಟೆಗಟ್ಟಲೆ ಓಡುವ ಲೋಡಾದರೆ ಅದರ ಶೇಕಡಾ 80ಕ್ಕೆ, ಅಂದರೆ 12 ಆಂಪಿಗೆ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಅಡಾಪ್ಟರ್ ಪ್ಲಗ್ಗಿನ ಆಕಾರ ಬದಲಿಸುತ್ತದೆ, ಹಿಂದಿನ ವೈರನ್ನು ದಪ್ಪ ಮಾಡುವುದಿಲ್ಲ. ಇನ್ನೊಂದು ಮಾತು. ಮನೆಯ ಆ ಸಾಕೆಟ್ಟು ಒಂಟಿಯಾಗಿರುವುದು ಅಪರೂಪ. ಅದೇ ಲೈನಿನ ಮೇಲೆ ಗ್ಯಾರೇಜಿನ ಫ್ರೀಜರ್ರೋ ನೀರಿನ ಪಂಪೋ ಇರುತ್ತದೆ. ಯಾವ ಎಂಸಿಬಿ ಆಫ್ ಮಾಡಿದರೆ ಯಾವ ಸಾಕೆಟ್ಟು ಸಾಯುತ್ತದೆ ಅಂತ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಮುಂದಿನ ಗೊಂದಲ ಅರ್ಧ ಕಡಿಮೆ.

ಎಕ್ಸ್‌ಟೆನ್ಷನ್ ಕೇಬಲ್ಲಿನ ಲೆಕ್ಕ ಯಾರೂ ಹಾಕುವುದಿಲ್ಲ, ಅದನ್ನು ಇಲ್ಲಿ ಹಾಕಿಬಿಡೋಣ. 25 ಮೀಟರ್ ಉದ್ದದ ಕೇಬಲ್ ಅಂದರೆ ಕರೆಂಟು ಹೋಗಿ ಬರಲು 50 ಮೀಟರ್ ತಾಮ್ರ. 1 ಸ್ಕ್ವೇರ್ ಎಂಎಂ ದಪ್ಪದ ವೈರಾದರೆ ಅದರ ತಡೆ ಸುಮಾರು 0.87 ಓಮ್. ಅದರಲ್ಲಿ 13 ಆಂಪ್ ಎಳೆದರೆ 11 ವೋಲ್ಟು ದಾರಿಯಲ್ಲೇ ಹೋಯಿತು. 230ರಲ್ಲಿ 11 ಹೋದರೆ ಹೇಗೋ ನಡೆಯುತ್ತದೆ. 120ರಲ್ಲಿ 11 ಹೋದರೆ ಎಸಿ ಕಂಪ್ರೆಸರ್ ಏದುಸಿರು ಬಿಡುತ್ತದೆ. ವೋಲ್ಟೇಜು ಇಳಿದಾಗ ಮೋಟಾರು ಕರೆಂಟು ಜಾಸ್ತಿ ಎಳೆಯುತ್ತದೆ, ಬಿಸಿಯಾಗುತ್ತದೆ, ಕೆಲವೊಮ್ಮೆ ಸ್ಟಾರ್ಟೇ ಆಗದೆ ಗುಂಯ್ ಅನ್ನುತ್ತಾ ನಿಲ್ಲುತ್ತದೆ. ಹೋದ ಆ 11 ವೋಲ್ಟು ಮಾಯವಾಗುವುದಿಲ್ಲ. ಸುಮಾರು 150 ವ್ಯಾಟ್ ಶಾಖವಾಗಿ ಕೇಬಲ್ಲಿನಲ್ಲೇ ಇರುತ್ತದೆ. ನಿಜ ಹೇಳಬೇಕೆಂದರೆ ಆ ತೆಳ್ಳಗಿನ ವೈರಿಗೆ 13 ಆಂಪ್ ಹೊರಿಸುವುದೇ ತಪ್ಪು. ಅದೇ 2.5 ಸ್ಕ್ವೇರ್ ಎಂಎಂ ಕೇಬಲ್ ಆದರೆ ನಷ್ಟ ನಾಲ್ಕೂವರೆ ವೋಲ್ಟು, ಶಾಖ 60 ವ್ಯಾಟಿನ ಒಳಗೆ. ಕ್ಯಾಂಪರ್‌ಗೆ ಅಂತಲೇ ಬರುವ ಕೇಬಲ್‌ಗಳು 2.5 ಇರುವುದು ಇದಕ್ಕೇ. ಡ್ರಮ್ಮಿಗೆ ಸುತ್ತಿದ ಕೇಬಲ್ಲಾದರೆ ಪೂರ್ತಿ ಬಿಚ್ಚಿ ಹರಡಬೇಕು. ಸುತ್ತಿಟ್ಟರೆ ಶಾಖ ಹೊರಗೆ ಹೋಗಲು ದಾರಿಯಿಲ್ಲ, ಒಳಗಿನ ಸುತ್ತುಗಳ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಡ್ರಮ್ಮಿನ ಪಕ್ಕದಲ್ಲಿ ಎರಡು ವ್ಯಾಟ್ ಸಂಖ್ಯೆ ಅಚ್ಚು ಹಾಕಿರುತ್ತಾರೆ. ಬಿಚ್ಚಿದಾಗಿನದು ಒಂದು, ಸುತ್ತಿರುವಾಗಿನದು ಒಂದು. ಎರಡಕ್ಕೂ ಬಹಳ ಅಂತರ ಇರುತ್ತದೆ.

ಆದರೂ ಮೊದಲು ಸುಡುವುದು ಕೇಬಲ್ಲಿನ ನಡುಭಾಗ ಅಲ್ಲ, ತುದಿಗಳು. ಪರಿಚಯದವರೊಬ್ಬರ ಗ್ಯಾರೇಜಿನಿಂದ ತೆಗೆದ ಪ್ಲಗ್ಗೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೆ. ಚಳಿಗಾಲವಿಡೀ ಕ್ಯಾಂಪರ್‌ನ ಹೀಟರ್ ಅದರಿಂದ ಓಡಿತ್ತು. ಒಂದು ಪಿನ್ನು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ನೀಲಿ ಮಿಶ್ರಿತ ಕಪ್ಪು. ಆ ಪಿನ್ನಿನ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ಕು ಕಾಫಿ ಬಣ್ಣಕ್ಕೆ ತಿರುಗಿ ಉಬ್ಬಿ, ಬಿರುಕು ಬಿಟ್ಟಿತ್ತು. ಮೂಗಿನ ಹತ್ತಿರ ತಂದರೆ ಕೊಳೆತ ಮೀನಿನಂಥ ವಾಸನೆ. ಸ್ವಿಚ್ ಬೋರ್ಡುಗಳಲ್ಲಿ ಬಳಸುವ ಕೆಲವು ಪ್ಲಾಸ್ಟಿಕ್ಕುಗಳು ಕಾದಾಗ ಬರುವ ವಾಸನೆ ಅದು. ಸಾಕೆಟ್ಟಿನೊಳಗಿನ ಹಿಡಿತ ಸಡಿಲವಾಗಿತ್ತು, ಅಷ್ಟೇ ಕಾರಣ. ಲೂಸ್ ಕಾಂಟ್ಯಾಕ್ಟಿನಲ್ಲಿ ಬರೀ 0.1 ಓಮ್ ತಡೆ ಇದ್ದರೂ 13 ಆಂಪಿಗೆ 17 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸಣ್ಣ ಸೋಲ್ಡರಿಂಗ್ ಐರನ್ನನ್ನು ಪ್ಲಗ್ಗಿನೊಳಗೆ ಉರಿಯಲು ಬಿಟ್ಟ ಹಾಗೆ. ಬಿಸಿಯಾದಷ್ಟೂ ಲೋಹದ ಸ್ಪ್ರಿಂಗು ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ ಏರುತ್ತದೆ. ಎಂಸಿಬಿಗೆ ಇದೇನೂ ಗೊತ್ತಾಗುವುದಿಲ್ಲ, ಅದಕ್ಕೆ ಕಾಣುವುದು ಮಾಮೂಲಿ 13 ಆಂಪು. ಇಎಲ್‌ಸಿಬಿಗೂ ಗೊತ್ತಾಗುವುದಿಲ್ಲ, ಕರೆಂಟು ಎಲ್ಲೂ ಸೋರುತ್ತಿಲ್ಲ. ಇದನ್ನು ಹಿಡಿಯುವುದು ಕೈ ಮಾತ್ರ. ಹೊಸ ಲೋಡು ಹಾಕಿ ಅರ್ಧ ಗಂಟೆಯಾದ ಮೇಲೆ ಪ್ಲಗ್ಗಿನ ಹಿಂಬದಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಮೇನ್ ಕಡೆ ಆಫ್ ಮಾಡಿ, ಪ್ಲಗ್ಗು ಸಾಕೆಟ್ಟು ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಸುಟ್ಟ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಹಾಗಾದರೆ ಸುಮ್ನೆ ನಿಂತಿರುವ ಗಾಡಿಗೆ ಎಷ್ಟು ಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಿದಾಗಲೇ ನನ್ನ ಯೋಚನೆಯ ದಿಕ್ಕು ಬದಲಾದದ್ದು. ಗ್ಯಾಸ್ ಲೀಕ್ ಅಲಾರಂ, ರೇಡಿಯೋದ ಗಡಿಯಾರ, ಫ್ರಿಜ್ಜಿನ ಕಂಟ್ರೋಲ್ ಬೋರ್ಡು, ಇಂಥವು ಯಾರೂ ಇಲ್ಲದಾಗಲೂ 12 ವೋಲ್ಟಿನ ಬ್ಯಾಟರಿಯಿಂದ ಹನಿ ಹನಿಯಾಗಿ ಎಳೆಯುತ್ತಿರುತ್ತವೆ. ಎಲ್ಲ ಸೇರಿ 0.2 ಆಂಪ್ ಅಂದುಕೊಳ್ಳಿ. ದಿನಕ್ಕೆ ಸುಮಾರು 5 ಆಂಪ್ ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್). 100 ಆಂಪ್ ಅವರಿನ ಬ್ಯಾಟರಿ ಹತ್ತು ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ತುಂಬಿದ ಲೆಡ್ ಆಸಿಡ್ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ, ಅರ್ಧಕ್ಕೆ ಇಳಿದದ್ದು 12.2ರ ಹತ್ತಿರ. ಅಲ್ಲಿಂದ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಈ ಸೋರಿಕೆಯನ್ನು ತುಂಬಿಕೊಡಲು ಎಷ್ಟು ಬೇಕು ಗೊತ್ತಾ? ಮೂರು ವ್ಯಾಟಿಗಿಂತ ಕಡಿಮೆ. ಚಾರ್ಜರ್ ತಿನ್ನುವುದು ಸೇರಿಸಿದರೂ ಹತ್ತು ವ್ಯಾಟಿನ ಒಳಗೆ. 3,680 ವ್ಯಾಟಿಗಾಗಿ ತಲೆಕೆಡಿಸಿಕೊಳ್ಳುವ ನಾವು, ಬಹಳ ದಿನ ಗಾಡಿಗೆ ನಿಜವಾಗಿ ಕೊಡಬೇಕಾದದ್ದು ಇಷ್ಟೇ.

ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸುವಾಗ ನಾನು ಇಡೀ ಗಾಡಿಗೆ ಮೇನ್ಸ್ ಕೊಡುವುದಿಲ್ಲ. ಬ್ಯಾಟರಿಗೆ ನೇರವಾಗಿ ಒಂದು ಒಳ್ಳೆಯ ಚಾರ್ಜರ್ ಮಾತ್ರ. 14.4 ವೋಲ್ಟಿನ ತನಕ ತುಂಬಿಸಿ, ಆಮೇಲೆ 13.5ರ ಸುತ್ತ ಇಳಿದು ನಿಲ್ಲುವಂಥದ್ದು. ಗಾಡಿಯ ಮೈಗೆ ಮೇನ್ಸ್ ಹೋಗುವುದೇ ಇಲ್ಲ ಅಂದಮೇಲೆ ಮೇಲೆ ಹೇಳಿದ ಶಾಕಿನ ಭಯ ಬಹುಪಾಲು ಹೋಗುತ್ತದೆ. ಬಿಸಿಲು ಬೀಳುವ ಜಾಗವಾದರೆ ಚಾವಣಿಯ ಮೇಲೊಂದು ಸೋಲಾರ್ ಪ್ಯಾನೆಲ್ಲೇ ಈ ಕೆಲಸ ಮಾಡಿಬಿಡುತ್ತದೆ, ವೈರು ಎಳೆಯುವುದೇ ಬೇಡ. ಹಳೆಯ ಗಾಡಿಗಳ ಚಾರ್ಜರ್‌ಗಳು ಬ್ಯಾಟರಿ ತುಂಬಿದ ಮೇಲೂ ಜೋರಾಗಿ ತಳ್ಳುತ್ತಲೇ ಇರುತ್ತವೆ. ಬ್ಯಾಟರಿಯೊಳಗಿನ ನೀರು ಒಡೆದು ಕಡಿಮೆಯಾಗುತ್ತದೆ, ಹೈಡ್ರೋಜನ್ ಹೊರಬರುತ್ತದೆ. ಅಂಥ ಗಾಡಿಯನ್ನು ಸದಾ ಪ್ಲಗ್ಗಿನಲ್ಲೇ ಇಟ್ಟರೆ ಡಿಸ್ಟಿಲ್ಡ್ ವಾಟರ್ ಮಟ್ಟ ಆಗಾಗ ನೋಡುತ್ತಿರಬೇಕು, ಬ್ಯಾಟರಿ ಪೆಟ್ಟಿಗೆಗೆ ಗಾಳಿ ಆಡಬೇಕು. ಲಿಥಿಯಂ ಬ್ಯಾಟರಿಯ ಸ್ವಭಾವ ಇದಕ್ಕೆ ಉಲ್ಟಾ. ಸದಾ ತುಂಬಿಸಿಟ್ಟರೆ ಅದಕ್ಕೆ ಹಿತವಲ್ಲ. ಅರ್ಧದಷ್ಟು ಚಾರ್ಜಿನಲ್ಲಿ, ಎಲ್ಲ ಲೋಡು ಕಳಚಿ ಇಟ್ಟರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಮಾತ್ರ ಚಾರ್ಜ್ ಮಾಡಬಾರದು.

ಪೂರ್ತಿ ಮೇನ್ಸ್ ಬೇಕಾಗುವುದು ಹೊರಡುವ ಹಿಂದಿನ ದಿನ ಮತ್ತು ಗಾಡಿಯಲ್ಲಿ ಯಾರಾದರೂ ಮಲಗುವಾಗ. ಹಿಂದಿನ ದಿನ ಯಾಕೆ ಅಂದರೆ ಫ್ರಿಜ್ಜಿಗಾಗಿ. ಹಲವು ಕ್ಯಾಂಪರ್‌ಗಳಲ್ಲಿ ಇರುವುದು ಕಂಪ್ರೆಸರ್ ಇಲ್ಲದ ಫ್ರಿಜ್ಜು. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ವಿನ್ಯಾಸ ಅದು. ಅಮೋನಿಯಾ, ನೀರು, ಹೈಡ್ರೋಜನ್ ಕೊಳವೆಯೊಳಗೆ ಸುತ್ತುತ್ತವೆ, ಓಡುವ ಭಾಗ ಒಂದೂ ಇಲ್ಲ. ಕೆಳಗೆ ಶಾಖ ಕೊಟ್ಟರೆ ಒಳಗೆ ತಂಪು. ಆ ಶಾಖ ಗ್ಯಾಸಿನ ಉರಿಯಿಂದ ಬಂದರೂ ಆಯಿತು, ಕರೆಂಟಿನ ಹೀಟರ್ ಕಡ್ಡಿಯಿಂದ ಬಂದರೂ ಆಯಿತು. ನೂರು ವರ್ಷದ ಹಿಂದಿನ ಈ ಯೋಚನೆ ಇವತ್ತಿಗೂ ಸದ್ದಿಲ್ಲದೆ ಕೆಲಸ ಮಾಡುತ್ತಿರುವುದು ನನಗೆ ಬಹಳ ಇಷ್ಟ. ಒಂದೇ ತೊಡಕು, ತಣ್ಣಗಾಗುವುದು ತೀರಾ ನಿಧಾನ. ಅರ್ಧ ದಿನದಿಂದ ಒಂದು ದಿನ ಬೇಕು, ಗಾಡಿ ಸಮತಟ್ಟಾಗಿ ನಿಂತಿರಬೇಕು. ಇಷ್ಟಾದರೂ ಆ ಹೀಟರ್ ಎಳೆಯುವುದು ಸಾಮಾನ್ಯವಾಗಿ 100ರಿಂದ 350 ವ್ಯಾಟ್. ಬ್ಯಾಟರಿ ಚಾರ್ಜರ್, ಲೈಟು, ಫ್ರಿಜ್ಜು ಎಲ್ಲ ಸೇರಿದರೂ ಮಾಮೂಲಿ ಸಾಕೆಟ್ಟಿಗೆ ಭಾರವಲ್ಲ.

ಭಾರ ಬರುವುದು ಬಿಸಿ ಮಾಡುವ ಮತ್ತು ತಂಪು ಮಾಡುವ ದೊಡ್ಡ ಸಾಮಾನುಗಳಿಂದ. ರೂಮ್ ಹೀಟರ್, ಎಸಿ, ಕೆಟಲ್, ಮೈಕ್ರೋವೇವ್, ವಾಟರ್ ಹೀಟರ್. ಮನೆಯ ಸಾಕೆಟ್ಟಿನ ಮೇಲಿರುವಾಗ ಇವುಗಳಲ್ಲಿ ಒಂದು ಸಲಕ್ಕೆ ಒಂದೇ. ವಾಟರ್ ಹೀಟರ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮನೆಯಲ್ಲಿ ನಿಲ್ಲಿಸಿದ ಗಾಡಿಯ ಟ್ಯಾಂಕ್ ಸಾಮಾನ್ಯವಾಗಿ ಖಾಲಿ ಇರುತ್ತದೆ. ಅದರ ಸ್ವಿಚ್ ಆನ್ ಇದ್ದದ್ದು ಮರೆತು ಮೇನ್ಸ್ ಕೊಟ್ಟರೆ ನೀರಿಲ್ಲದ ಕಾಯಿಲ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ.

ಸುಟ್ಟ ಕಾಯಿಲ್, ಹೊರಗಿನ ಪ್ಲಗ್ಗಿನೊಳಗೆ ಸೇರಿದ ತೇವ, ಫ್ರಿಜ್ಜಿನ ಹಳೆಯ ಹೀಟರ್ ಕಡ್ಡಿ, ಇವೇ ಇಎಲ್‌ಸಿಬಿ ಬೀಳಿಸುವ ಮುಖ್ಯ ಕಾರಣಗಳು. ನಾಲ್ಕನೆಯದು ಒಂದಿದೆ. ಗಾಡಿಯೊಳಗೆ ನ್ಯೂಟ್ರಲ್ಲೂ ಅರ್ಥೂ ಎಲ್ಲಿಯೂ ಸೇರಿರಬಾರದು. ಸೇರಿದ್ದರೆ ವಾಪಸ್ ಬರುವ ಕರೆಂಟಿನಲ್ಲಿ ಒಂದಷ್ಟು ಅರ್ಥ್ ವೈರಿನ ದಾರಿ ಹಿಡಿಯುತ್ತದೆ, ಇಎಲ್‌ಸಿಬಿ ಅದನ್ನು ಸೋರಿಕೆ ಅಂತಲೇ ಎಣಿಸುತ್ತದೆ. ಹಲವು ಇನ್ವರ್ಟರ್‌ಗಳು ಬ್ಯಾಟರಿ ಮೇಲೆ ಓಡುವಾಗ ಇವೆರಡನ್ನೂ ಬೇಕೆಂದೇ ಸೇರಿಸಿ, ಮೇನ್ಸ್ ಬಂದಾಗ ಬಿಡಿಸುತ್ತವೆ. ಬಿಡಿಸುವುದು ಒಂದು ಕ್ಷಣ ತಡವಾದರೂ ಟ್ರಿಪ್. ಕಾರಣ ಹುಡುಕಲು ಗಾಡಿಯ ಎಂಸಿಬಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ಎತ್ತುವುದು ಒಳ್ಳೆಯ ದಾರಿ. ಆದರೆ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಕಡೆಯ ತಪ್ಪು ಹಾಗೇ ಉಳಿದಿರುತ್ತದೆ. ಎಲ್ಲ ಇಳಿಸಿದರೂ ಬೀಳುತ್ತಿದ್ದರೆ ಸಾಮಾನುಗಳ ಪ್ಲಗ್ಗನ್ನೇ ಕಿತ್ತು ನೋಡಬೇಕು. ಪದೇ ಪದೇ ಬೀಳುತ್ತದೆ ಅಂತ ಇಎಲ್‌ಸಿಬಿಯನ್ನು ಬೈಪಾಸ್ ಮಾಡುವವರಿದ್ದಾರೆ. ಅಡಾಪ್ಟರ್‌ಗೆ ಹೋಗುತ್ತಿಲ್ಲ ಅಂತ ಅರ್ಥ್ ಪಿನ್ನು ಮುರಿಯುವವರೂ ಇದ್ದಾರೆ. ಅವರ ಮನೆಯ ಮಕ್ಕಳನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ. ಕಾರಣ ಸಿಗುವ ತನಕ ಗಾಡಿ ಕತ್ತಲಲ್ಲೇ ಇರಲಿ, ಏನೂ ನಷ್ಟವಿಲ್ಲ.

ಸಿಕ್ಕಿಸುವ ಕ್ರಮವೂ ಮುಖ್ಯ. ಮನೆಯ ಕಡೆ ಸ್ವಿಚ್ ಆಫ್ ಇರಬೇಕು. ಮೊದಲು ಗಾಡಿಯ ತುದಿ, ಆಮೇಲೆ ಗೋಡೆಯ ತುದಿ, ಕೊನೆಗೆ ಸ್ವಿಚ್. ತೆಗೆಯುವಾಗ ಉಲ್ಟಾ. ಕರೆಂಟು ಬರುವ ತುದಿಯಲ್ಲಿ ಯಾವಾಗಲೂ ತೂತು, ಕರೆಂಟು ತೆಗೆದುಕೊಳ್ಳುವ ಕಡೆ ಪಿನ್ನು. ಎರಡೂ ತುದಿಗೆ ಪಿನ್ನಿರುವ ಕೇಬಲ್ಲನ್ನು ಯಾರಾದರೂ ಮಾಡಿಕೊಟ್ಟರೆ ಅದನ್ನು ಕತ್ತರಿಸಿ ಎಸೆಯಿರಿ. ಒಂದು ತುದಿ ಸಿಕ್ಕಿಸಿದ ಕೂಡಲೇ ಇನ್ನೊಂದು ತುದಿಯ ಬೆತ್ತಲೆ ಪಿನ್ನುಗಳಲ್ಲಿ ಕರೆಂಟು ಇರುತ್ತದೆ. ಕೇಬಲ್ ಜೋಡಿಸಿದ ಜಾಗ ನೆಲದಿಂದ ಮೇಲಿರಲಿ. ಪ್ಲಗ್ಗಿಗೆ ಹೋಗುವ ಮೊದಲು ಕೇಬಲ್ ಸ್ವಲ್ಪ ಕೆಳಗೆ ಜೋತು ಬೀಳಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಗಾಡಿಯನ್ನು ವರ್ಷವಿಡೀ ಮನೆಯಲ್ಲೇ ನಿಲ್ಲಿಸುವವರಾದರೆ ಎಕ್ಸ್‌ಟೆನ್ಷನ್ ಬಿಟ್ಟು ಅದಕ್ಕೆಂದೇ ಒಂದು ಸಾಕೆಟ್ಟು ಹಾಕಿಸಿಕೊಳ್ಳುವುದು ಒಳ್ಳೆಯದು. ಬೋರ್ಡಿನಿಂದ ಬೇರೆ ಲೈನು, ಅದಕ್ಕೆ ತಕ್ಕ ದಪ್ಪದ ವೈರು, ಸ್ವಂತ ಎಂಸಿಬಿ, ಸ್ವಂತ ಇಎಲ್‌ಸಿಬಿ, ಮಳೆಗೆ ತಡೆಯುವ ಮುಚ್ಚಳ. ಅಮೆರಿಕದಲ್ಲಿರುವವರು ಇಲ್ಲಿ ಒಂದು ಮಾತು ಗಮನಿಸಬೇಕು. ಅಲ್ಲಿ 30 ಆಂಪಿನ ಕ್ಯಾಂಪರ್ ಸಾಕೆಟ್ಟು 120 ವೋಲ್ಟಿನದು. ನೋಡಲು ಮಾತ್ರ ಬಟ್ಟೆ ಒಣಗಿಸುವ ಯಂತ್ರದ ಹಳೆಯ ಮಾದರಿಯ 240 ವೋಲ್ಟ್ ಸಾಕೆಟ್ಟಿನ ಹಾಗೇ ಇರುತ್ತದೆ. ಮನೆಗಳಲ್ಲೇ ಕೆಲಸ ಮಾಡಿ ರೂಢಿಯಿರುವ ಎಲೆಕ್ಟ್ರಿಷಿಯನ್ 30 ಆಂಪ್ ಅಂದ ಕೂಡಲೇ 240 ಕೊಟ್ಟುಬಿಡುವುದುಂಟು. ಸಿಕ್ಕಿಸಿದ ಕ್ಷಣದಲ್ಲಿ ಚಾರ್ಜರ್, ಮೈಕ್ರೋವೇವ್, ಟಿವಿ ಎಲ್ಲ ಒಟ್ಟಿಗೆ ಹೋಗುತ್ತವೆ. ನೀವು ಯಾವ ದೇಶದಲ್ಲಿದ್ದರೂ, ಹೊಸ ಸಾಕೆಟ್ಟಿಗೆ ಗಾಡಿ ಸಿಕ್ಕಿಸುವ ಮೊದಲು, ಕೆಲಸ ಮಾಡಿದವರು ಇನ್ನೂ ಅಲ್ಲೇ ಇರುವಾಗಲೇ ಮೀಟರ್ ಇಟ್ಟು ಮೂರು ಅಳತೆ ತೋರಿಸಲು ಹೇಳಿ. ಫೇಸು ಮತ್ತು ನ್ಯೂಟ್ರಲ್ ನಡುವೆ 230 ಅಥವಾ 120, ಗಾಡಿಗೆ ಯಾವುದು ಬೇಕೋ ಅದು. ಫೇಸು ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಸೊನ್ನೆಯ ಹತ್ತಿರ. ಇದರಲ್ಲಿ ಒಂದು ತಪ್ಪಿದ್ದರೂ ಅವರು ಸರಿ ಮಾಡಿಯೇ ಹೊರಡಲಿ.